‘ಶೇಕಡ ನೂರು ಒರಿಜಿನಲ್’ ಅಂತ ಬೋರ್ಡು ನಿಲ್ಲಿಸುವ ಮುಂಚೆ

ಹಳೇ ಕಾರು ಅಂದರೆ ಹೊಳೆಯಬೇಕು ಅಂತ ನಂಬಿರುವವರು ಇವತ್ತು ನನ್ನ ಮೇಲೆ ಸಿಟ್ಟಾದರೂ ಪರವಾಗಿಲ್ಲ, ಬರೆದೇ ಬಿಡುತ್ತೇನೆ. ಒಂದು ಕಾರು ಎಲ್ಲಿ ಹುಟ್ಟಿತು, ಯಾವ ದೇಶದ ರಸ್ತೆಗೆಂದು ಕಟ್ಟಿ ಕಳಿಸಿದರು ಅನ್ನುವುದು ಗೊತ್ತಾಗದೆ ಅದರ ಒಂದು ಸ್ಕ್ರೂ ಕೂಡ ಬಿಚ್ಚಬಾರದು. ಬಿಚ್ಚುತ್ತಾರೆ. ಬಿಚ್ಚಿ, ಉಜ್ಜಿ, ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ, ಪುಟ್ಟಿ ಮೆತ್ತಿ, ಕ್ಯಾಟಲಾಗ್ ನೋಡಿ ತರಿಸಿದ ಪಳಪಳ ಸಾಮಾನು ಕೂರಿಸಿ, ಆಮೇಲೆ ಮುಂದೆ ‘ಶೇಕಡ ನೂರು ಒರಿಜಿನಲ್’ ಅಂತ ಬೋರ್ಡು ನಿಲ್ಲಿಸುತ್ತಾರೆ. ಆ ಬೋರ್ಡು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇವತ್ತು ಒಂದು ಪ್ರದರ್ಶನದಲ್ಲಿ ಕಂಡದ್ದು ಫೋಕ್ಸ್‌ವ್ಯಾಗನ್ ಬೀಟಲ್. ಹಿಂದಿನ ಗಾಜು ಮೊಟ್ಟೆಯಾಕಾರದ್ದು. ಅಂದರೆ 1953ರ ಮಾರ್ಚ್‌ನಿಂದ 1957ರ ನಡುಭಾಗದವರೆಗಿನ ಕಾರು. ಅದಕ್ಕೆ ಮುಂಚೆ ನಡುವೆ ಪಟ್ಟಿಯಿದ್ದ ಎರಡು ತುಂಡು ಗಾಜು ಬರುತ್ತಿತ್ತು, ಆಮೇಲೆ ಅಗಲವಾದ ಆಯತದ ಗಾಜು ಬಂತು. ನೀವೆಲ್ಲ ಬಲ್ಲಿರಿ, ಕಾರಿನ ಬಣ್ಣ ನೋಡುವುದಕ್ಕೆ ಮುಂಚೆ ನಾನು ಬಗ್ಗಿ ಅದರ ಹೊಟ್ಟೆ ನೋಡುವವನು. ಬಲಗಡೆ ಸ್ಟಿಯರಿಂಗ್ ಇತ್ತು. ಅದು ಕಾರ್ಖಾನೆಯಿಂದಲೇ ಬಂದದ್ದೋ ಆಮೇಲೆ ಯಾರೋ ಎಡದಿಂದ ಬಲಕ್ಕೆ ತಿರುಗಿಸಿದ್ದೋ ಅಂತ ಮೊದಲು ನೋಡಿದೆ. ತಿರುಗಿಸಿದ ಕಾರಾದರೆ ಗುರುತು ಬಿಟ್ಟೇ ಬಿಟ್ಟಿರುತ್ತದೆ. ಪೆಡಲ್ ಇದ್ದ ಜಾಗದಲ್ಲಿ ತೂತು ಮುಚ್ಚಿದ ತೇಪೆ ಇರುತ್ತದೆ, ಎಷ್ಟೋ ಸಲ ವೈಪರ್‌ಗಳು ಹಳೇ ಅಭ್ಯಾಸದಂತೆ ಎಡಗಡೆ ಕೂತವರ ಗಾಜನ್ನೇ ಚೆನ್ನಾಗಿ ಒರೆಸುತ್ತಿರುತ್ತವೆ. ಇದರಲ್ಲಿ ಅಂಥದ್ದೇನೂ ಇರಲಿಲ್ಲ. ಹುಟ್ಟಿನಿಂದಲೇ ಬಲಗಡೆಯ ಕಾರು. ಖುಷಿಯಾಯಿತು.

ಆ ಖುಷಿ ಬಂಪರ್ ನೋಡುವವರೆಗೆ ಮಾತ್ರ. ಬಂಪರ್ ಮೇಲೆ ಇನ್ನೊಂದು ಕೊಳವೆಯ ಪಟ್ಟಿ, ಅದನ್ನು ಎತ್ತಿ ಹಿಡಿದಿರುವ ಕಂಬಿಗಳು. ಅದು ಅಮೆರಿಕಕ್ಕೆ ಹೋಗುವ ಕಾರುಗಳಿಗೆಂದು ಮಾಡಿದ ಬಂಪರ್. ಅಮೆರಿಕಕ್ಕೆ ಬಲಗಡೆ ಸ್ಟಿಯರಿಂಗ್‌ನ ಬೀಟಲ್ ಯಾಕಾದರೂ ಕಳಿಸುತ್ತಾರೆ? ಮುಂದಿನ ಮಡ್‌ಗಾರ್ಡ್ ಮೇಲೆ ಬುಲೆಟ್‌ನಂಥ ಪುಟ್ಟ ಇಂಡಿಕೇಟರ್‌ಗಳು. ಅವೂ ಅಮೆರಿಕದ ಕಾರುಗಳವೇ, ಅದರಲ್ಲೂ 1958ರ ಮಾಡೆಲ್‌ನಿಂದ ಶುರುವಾದಂಥವು. ಮೊಟ್ಟೆ ಗಾಜು ಹೋದಮೇಲೆ ಬಂದ ದೀಪ ಮೊಟ್ಟೆ ಗಾಜಿನ ಕಾರಿನ ಮೇಲೆ!

ಹಾಗಾದರೆ ಈ ಕಾರಿಗೆ ಇಂಡಿಕೇಟರ್ ಎಲ್ಲಿತ್ತು? ಬಾಗಿಲ ಹಿಂದಿನ ಕಂಬದೊಳಗೆ. ಸೆಮಾಫೋರ್ ಅಂತಾರೆ. ತಿರುವು ಬಂದಾಗ ಕಂಬದ ಸೀಳಿನಿಂದ ಕಿತ್ತಳೆ ಬಣ್ಣದ ಒಂದು ಪುಟ್ಟ ಕೈ ಟಕ್ ಅಂತ ಹೊರಗೆ ಚಾಚಿಕೊಳ್ಳುತ್ತಿತ್ತು, ಒಳಗೆ ಬಲ್ಬು ಹತ್ತಿಕೊಳ್ಳುತ್ತಿತ್ತು. ಅಮೆರಿಕದ ಬೀಟಲ್‌ಗಳಿಗೆ 1955ರಲ್ಲೇ ಮಿನುಗುವ ದೀಪ ಬಂತು, ಯುರೋಪಿನ ಕಾರುಗಳಲ್ಲಿ ಈ ಕೈಗಳು 1960ರವರೆಗೂ ಉಳಿದವು. ನಾನು ಆ ಕಂಬದ ಮೇಲೆ ಬೆರಳಾಡಿಸಿದೆ. ನುಣುಪು. ಸೀಳೇ ಇಲ್ಲ. ಜೇಬಿನಲ್ಲಿ ಸದಾ ಇರುವ ಸಣ್ಣ ಅಯಸ್ಕಾಂತ ತೆಗೆದು, ಬಟ್ಟೆ ಸುತ್ತಿ, ಅಲ್ಲಿಟ್ಟೆ. ಒಂದು ಅಂಗುಲ ಮೇಲೆ ಗಟ್ಟಿಯಾಗಿ ಕಚ್ಚಿತು, ಸೀಳಿರಬೇಕಾದ ಜಾಗಕ್ಕೆ ತಂದರೆ ಜಾರಿ ಕೈಗೆ ಬಂತು. ಒಳಗೆಲ್ಲ ಪುಟ್ಟಿ. ಎರಡೂ ಕಡೆ. ಸುಸ್ಥಿತಿಯಲ್ಲಿದ್ದ ಜೋಡಿ ಸೆಮಾಫೋರ್ ಕಿತ್ತು, ಸೀಳು ಮುಚ್ಚಿ, ಮೇಲೆ ಕೆಂಪು ಬಣ್ಣ ಹೊಡೆದಿದ್ದಾರೆ. ಕೇಳಿದರೆ ಮಾಲೀಕರು ಹೆಮ್ಮೆಯಿಂದ ಹೇಳಿದರು: ‘ಎಲ್ಲಾ ಹೊಸದಾಗಿ ಒರಿಜಿನಲ್ ಮಾಡಿಸಿದ್ದೀನಿ ಸರ್.’

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಕಾರಿನ ಮೇಲೆ ಪ್ರೀತಿ ಇಲ್ಲದವರು ಅಷ್ಟು ದುಡ್ಡು ಸುರಿಯುವುದಿಲ್ಲ. ಸಿಟ್ಟಿರುವುದು ಅವರಿಗೆ ಈ ಕೆಲಸ ಮಾಡಿಕೊಟ್ಟ ಗ್ಯಾರೇಜಿನವರ ಮೇಲೆ, ಅದನ್ನು ನೋಡಿ ‘ಸೂಪರ್’ ಅಂತ ಬೆನ್ನು ತಟ್ಟಿದ ನಮ್ಮದೇ ಬಳಗದ ಮೇಲೆ.

ಇಂಜಿನ್ ಬಗ್ಗೆಯೂ ಹೇಳಬೇಕು. ‘ಮೂಲ ಇಂಜಿನ್’ ಅಂತ ಬೋರ್ಡಿನಲ್ಲಿತ್ತು. ಹಿಂದಿನ ಮುಚ್ಚಳ ಎತ್ತಿದ ಕೂಡಲೇ ಗೊತ್ತಾಯಿತು. 50ರ ದಶಕದ ಬೀಟಲ್ ಇಂಜಿನ್‌ನಲ್ಲಿ ಕರೆಂಟು ಹುಟ್ಟಿಸುವ ಜನರೇಟರ್ ಕೂರುವ ಪೀಠ ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್ನಿನ ಹೊರಚಿಪ್ಪಿನ ಜೊತೆಗೇ ಒಂದೇ ಎರಕದಲ್ಲಿ ಬಂದಿರುತ್ತದೆ. 60ರ ದಶಕದ ಆರಂಭದಲ್ಲಿ ಬಂದ ಇಂಜಿನ್‌ನಲ್ಲಿ ಅದು ಬೇರೆ ತುಂಡು, ನಟ್ಟು ಹಾಕಿ ಬಿಗಿದಿರುತ್ತಾರೆ. ಇಲ್ಲಿ ನಟ್ಟುಗಳು ಕಣ್ಣಿಗೆ ಹೊಡೆಯುವಂತೆ ಕೂತಿದ್ದವು. ನಂಬರ್ ಓದುವ ಅಗತ್ಯವೂ ಇರಲಿಲ್ಲ. ಇಂಜಿನ್ ಬದಲಾಗಿರುವುದು ಅಪರಾಧವಲ್ಲ, ಅಷ್ಟು ವರ್ಷ ಓಡಿದ ಕಾರಿಗೆ ಸಹಜ. ಬದಲಾಗಿದೆ ಅಂತ ಬರೆಯಿರಿ, ಮುಗಿಯಿತು. ‘ಮೂಲ’ ಅಂತ ಬರೆಯಬೇಡಿ.

ಚಾಸಿ ನಂಬರ್ ಹಿಂದಿನ ಸೀಟಿನ ಕೆಳಗೆ, ಕಾರಿನ ನೆಲದ ನಡುವೆ ಉದ್ದಕ್ಕೂ ಉಬ್ಬಿರುವ ಟನೆಲ್ ಮೇಲೆ ಒತ್ತಿರುತ್ತದೆ. ಸೀಟು ಎತ್ತಲು ಒಪ್ಪಿದರು. ದಪ್ಪ ಕಪ್ಪು ಬಣ್ಣದೊಳಗೆ ಅಂಕಿಗಳು ಅರ್ಧ ಮುಳುಗಿಹೋಗಿವೆ. ಶಾಸನದ ಕಲ್ಲಿಗೆ ಸುಣ್ಣ ಬಳಿದ ಹಾಗೆ. ಆ ನಂಬರ್ ಒಂದಿದ್ದರೆ ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿರುವ ಫೋಕ್ಸ್‌ವ್ಯಾಗನ್ ಆಟೊಮ್ಯೂಸಿಯಂಗೆ ಬರೆದು ಕಾರಿನ ಜನ್ಮಪತ್ರ ತರಿಸಬಹುದು. ಕಟ್ಟಿದ ದಿನ, ಮೊದಲ ಬಣ್ಣ, ಯಾವ ದೇಶಕ್ಕೆ ಹೋಯಿತು ಅನ್ನುವುದು ಅದರಲ್ಲಿರುತ್ತದೆ. ಬಣ್ಣದ ಡಬ್ಬ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಅದು. ಯಾರೂ ಮಾಡುವುದಿಲ್ಲ.

ಹುಟ್ಟಿದ ಊರು ಗೊತ್ತಾಗದೆ ಒರಿಜಿನಲ್ ಯಾವುದು ಅಂತ ಹೇಳಲಿಕ್ಕೇ ಆಗದು, ನನ್ನ ಗೋಳೆಲ್ಲ ಇಷ್ಟೇ. ಬೀಟಲ್‌ಗಳೆಲ್ಲ ಜರ್ಮನಿಯಲ್ಲೇ ಜೋಡಣೆಯಾದವಲ್ಲ. 1950ರಲ್ಲೇ ಡಬ್ಲಿನ್‌ನಲ್ಲಿ ಬಿಡಿಭಾಗ ತರಿಸಿ ಜೋಡಿಸುತ್ತಿದ್ದರು. ಆಮೇಲೆ ದಕ್ಷಿಣ ಆಫ್ರಿಕ, ಬ್ರೆಜಿಲ್, ಆಸ್ಟ್ರೇಲಿಯಗಳಲ್ಲೂ ಶುರುವಾಯಿತು. ಹೀಗೆ ಜೋಡಿಸಿದ ಕಾರುಗಳಲ್ಲಿ ಗಾಜು, ಸೀಟಿನ ಬಟ್ಟೆ, ಟೈರುಗಳಂಥವು ಆಯಾ ದೇಶದವೇ ಇರಬಹುದು. ಅಂಥ ಕಾರಿನಲ್ಲಿ ಸ್ಥಳೀಯ ಹೆಸರಿನ ಗಾಜು ಕಂಡು ‘ಇದು ಡೂಪ್ಲಿಕೇಟ್’ ಅಂತ ಕಿತ್ತು, ಜರ್ಮನಿಯ ಸೆಕುರಿಟ್ ಗಾಜು ಹಾಕಿದರೆ ಮೂಲದ್ದನ್ನು ಎಸೆದು ತಪ್ಪು ಗಾಜು ಹಾಕಿದಂತಾಯಿತು. ಅಮೆರಿಕದ ಕಾರುಗಳದ್ದೂ ಇದೇ ಕಥೆ. ಬಲಗಡೆ ಸ್ಟಿಯರಿಂಗ್‌ನ ಹಳೇ ಫೋರ್ಡ್ ನೋಡಿ ‘ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಹುಟ್ಟಿದ್ದು’ ಅನ್ನುವವರಿಗೆ ಲೆಕ್ಕವಿಲ್ಲ. 1904ರಲ್ಲಿ ಶುರುವಾದ ಕೆನಡಾದ ಫೋರ್ಡ್ ಕಂಪನಿಯೇ ಬ್ರಿಟನ್ ಬಿಟ್ಟು ಸಾಮ್ರಾಜ್ಯದ ಉಳಿದ ದೇಶಗಳಿಗೆ ಕಾರು ಕಳಿಸುತ್ತಿತ್ತು. ಸಾಮ್ರಾಜ್ಯದೊಳಗಿನ ಸರಕಿಗೆ ಸುಂಕ ಕಡಿಮೆ ಅನ್ನುವುದು ದೊಡ್ಡ ಕಾರಣ. ರೋಲ್ಸ್ ರಾಯ್ಸ್ ಕೂಡ 1921ರಿಂದ 1931ರವರೆಗೆ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತಯಾರಾಗುತ್ತಿತ್ತು. ಎರಡನೇ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಆ ಕಂಪನಿ ಬರೀ ಚಾಸಿ ಮಾಡುತ್ತಿತ್ತು, ಬಾಡಿ ಕಟ್ಟುತ್ತಿದ್ದವರು ಬಾರ್ಕರ್, ಹೂಪರ್‌ನಂಥ ಬೇರೆಯವರು. ಅವರ ಪುಟ್ಟ ಫಲಕ ಬಾಗಿಲ ಹೊಸ್ತಿಲ ಹತ್ತಿರ ಇರುತ್ತದೆ. ಹೊಸ ಅಲ್ಯೂಮಿನಿಯಂ ಪಟ್ಟಿ ಹೊಡೆಸುವಾಗ ಆ ಫಲಕ ಕಿತ್ತು ಗುಜರಿಗೆ ಹಾಕಿದವರನ್ನು ಏನನ್ನಬೇಕು?

ಬಿಡಿಭಾಗಗಳ ಮೇಲಿನ ತಾರೀಖು ಓದುವುದನ್ನಾದರೂ ಕಲಿಯಿರಿ. ಬ್ರಿಟಿಷ್ ಕಾರಿನಲ್ಲಿರುವ ಲೂಕಾಸ್ ಕಂಪನಿಯ ಡೈನಮೊ, ಸ್ಟಾರ್ಟರ್ ಮೇಲೆ ತಿಂಗಳು ಅಥವಾ ವಾರ, ಜೊತೆಗೆ ವರ್ಷ ಒತ್ತಿರುತ್ತದೆ. ಜನರಲ್ ಮೋಟರ್ಸ್ ಎರಕದ ಮೇಲೆ ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಆಮೇಲೆ ದಿನ, ಕೊನೆಗೆ ವರ್ಷದ ಅಂಕಿ. ಎರಕ ಹೊಯ್ದ ದಿನ ಮೊದಲು, ಇಂಜಿನ್ ಜೋಡಿಸಿದ ದಿನ ಆಮೇಲೆ, ಕಾರು ಹೊರಬಂದ ದಿನ ಕೊನೆಗೆ. ಕಾರಿಗಿಂತ ಕಿರಿಯ ಭಾಗ ಅದರ ಜೊತೆ ಹುಟ್ಟಿದ್ದಾಗಿರಲು ಸಾಧ್ಯವೇ ಇಲ್ಲ. ಗ್ರೈಂಡರ್ ಹಿಡಿದವನಿಗೆ ಈ ಅಂಕಿಗಳು ತುಕ್ಕಿನಂತೆ ಕಾಣುತ್ತವೆ.

‘ಹಳೇ ಬ್ರೇಕ್, ಹಳೇ ವೈರಿಂಗ್ ಇಟ್ಟುಕೊಂಡು ಸಾಯಬೇಕಾ?’ ಅಂತ ಕಮೆಂಟಿಗೆ ಬರುವವರಿದ್ದೀರಿ, ಗೊತ್ತು. ಬೇಡ. ಬ್ರೇಕ್ ಹೋಸ್, ಟೈರು, ವೈರು ಎಲ್ಲ ಬದಲಿಸಿ. ಯಾರೂ ತಕರಾರು ಮಾಡುವುದಿಲ್ಲ. ಸೆಮಾಫೋರ್ ಬೆಳಕು ಸಾಲದು ಅನಿಸಿದರೆ ಬಂಪರಿಗೆ ಬಿಚ್ಚಲು ಬರುವಂಥ ಜೋಡಿ ದೀಪ ಕಟ್ಟಿಕೊಳ್ಳಿ. ಸೀಳಿಗೆ ಪುಟ್ಟಿ ತುಂಬಿದ್ದರಿಂದ ಯಾರ ಜೀವ ಉಳಿಯಿತು? ಚಾಸಿ ನಂಬರ್ ಮುಳುಗಿಸಿದ್ದರಿಂದ ಬ್ರೇಕ್ ಚೆನ್ನಾಗಿ ಹಿಡಿಯುತ್ತದಾ? ಇನ್ನು ‘ನನ್ನ ಕಾರು ನನ್ನಿಷ್ಟ’ ಅನ್ನುವವರ ಜೊತೆ ನನಗೆ ವಾದ ಬೇಡ. ಅವರು ಆ ಬೋರ್ಡು ಇಳಿಸಿದರೆ ಸಾಕು.

ಒಂದು ವಿಷಯ ಮನಸ್ಸು ಬಿಚ್ಚಿ ಹೇಳುತ್ತೇನೆ. ಮುಟ್ಟದೆ ಉಳಿದ ಕಾರು ಎಲ್ಲಾದರೂ ಸಿಕ್ಕರೆ ನನಗೆ ಕಣ್ಣು ತುಂಬಿ ಬರುತ್ತದೆ. ಬಣ್ಣ ಮಾಸಿರಲಿ, ಸೀಟು ಹರಿದಿರಲಿ. ಬಾಗಿಲ ಒಳಹಲಗೆ ಬಿಚ್ಚಿದಾಗ ಹಿಂಬದಿಯಲ್ಲಿ ಕಾರ್ಖಾನೆಯ ಯಾರೋ ಕೆಲಸಗಾರ ಬಳಪದಲ್ಲಿ ಗೀಚಿದ ಅಂಕಿ ಹಾಗೇ ಇರುವುದನ್ನು ಕಂಡಿದ್ದೇನೆ. ಅದರ ಮುಂದೆ ಕೂತು ಏಳಲು ಮನಸ್ಸಾಗಿರಲಿಲ್ಲ. ಇವತ್ತಿನ ಬೀಟಲ್‌ನ ಬಾಗಿಲ ಹಲಗೆಗಳು ಎಲ್ಲಿ ಹೋದವು ಅಂತ ಕೇಳಿದೆ. ‘ಅವೆಲ್ಲ ಕಸ ಸರ್, ಗ್ಯಾರೇಜಿನವರೇ ಸುಟ್ಟರು’ ಅಂದರು. ನನಗೆ ಮಾತೇ ಹೊರಡಲಿಲ್ಲ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಕಾರು ಕೆಲಸಕ್ಕೆ ಬಿಡುವ ಮುಂಚೆ ನಂಬರಿರುವ ಜಾಗಗಳು, ಗಾಜಿನ ಮೂಲೆಯ ಗುರುತು, ದೀಪಗಳ ಮೇಲಿನ ಬರಹ, ಡ್ಯಾಶ್‌ಬೋರ್ಡಿನ ಹಿಂದೆ ಉಳಿದಿರುವ ಹಳೇ ಬಣ್ಣ, ಎಲ್ಲದರ ಫೋಟೊ ತೆಗೆಯಿರಿ. ನಂಬರ್ ಮೇಲೆ ಬಣ್ಣ ಕೂತಿದ್ದರೆ ಪೇಂಟ್ ರಿಮೂವರ್ ಹಚ್ಚಿ ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ, ವೈರ್ ಬ್ರಷ್ ಬೇಡ. ಬಿಚ್ಚಿದ್ದೆಲ್ಲ ಡಬ್ಬಕ್ಕೆ ಹಾಕಿ ಹೆಸರು ಬರೆದಿಡಿ. ಇಡಲು ಜಾಗವಿಲ್ಲ, ಎಸೆಯಲೇಬೇಕು ಅಂತಾದರೆ ಎಸೆಯುವ ಮುಂಚೆ ನನಗೊಂದು ಫೋನ್ ಮಾಡಿ. ಎಷ್ಟು ಹೊತ್ತಾಗಿದ್ದರೂ ಬಂದು ತೆಗೆದುಕೊಂಡು ಹೋಗುತ್ತೇನೆ.