ಗಂಟೆಗೊಂದು ಬಾಂಬರ್, ಆದರೆ ಯಾರ ಕೈಯಿಂದ?

ಎರಡನೇ ಮಹಾಯುದ್ಧದ ವಿಮಾನ ಕಾರ್ಖಾನೆಗಳ ಮಾತು ಬಂದರೆ ಅಮೆರಿಕದ ವಿಲೋ ರನ್ ಕಾರ್ಖಾನೆಯ ಕಥೆ ಬಂದೇ ಬರುತ್ತದೆ. ಗಂಟೆಗೊಂದು ಬಾಂಬರ್! ಹೆನ್ರಿ ಫೋರ್ಡ್ ಮನಸ್ಸು ಮಾಡಿದರು, ಆಗಿಹೋಯಿತು ಅನ್ನುವ ಹಾಗೆ ಎಲ್ಲರೂ ಹೇಳುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಹೆಸರು ಸಲ್ಲಬೇಕಾದದ್ದು ರಿವೆಟ್ (ಲೋಹದ ಹಾಳೆಗಳನ್ನು ಬೆಸೆದಿಡುವ ಮೊಳೆ) ಹೊಡೆದವರಿಗೆ.

ಯೋಜನೆ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. 1941ರ ಜನವರಿಯಲ್ಲಿ ಫೋರ್ಡ್ ಕಂಪನಿಯ ಚಾರ್ಲ್ಸ್ ಸೊರೆನ್ಸನ್ ಸ್ಯಾನ್ ಡಿಯೇಗೊಗೆ ಹೋಗಿ ಬಿ-24 ಲಿಬರೇಟರ್ ಅನ್ನುವ ಬಾಂಬರ್ ತಯಾರಾಗುವುದನ್ನು ನೋಡಿದರು. ಅಲ್ಲಿ ಭಾಗಗಳನ್ನು ಕೈಯಲ್ಲೇ ತಿದ್ದಿ ತೀಡಿ ಕೂರಿಸುತ್ತಿದ್ದರು, ಕೊನೆಯ ಜೋಡಣೆ ಬಯಲಲ್ಲಿ, ಬಿಸಿಲಲ್ಲಿ. ಅವತ್ತೇ ರಾತ್ರಿ ಕೂತು ಹೊಸ ಕಾರ್ಖಾನೆಯ ನಕ್ಷೆ ಗೀಚಿದರು. ವಿಮಾನವನ್ನು ದೊಡ್ಡ ತುಂಡುಗಳಾಗಿ ಬಿಡಿಸಬೇಕು, ಪ್ರತಿ ತುಂಡೂ ಬೇರೆ ಬೇರೆ ಕಡೆ ತಯಾರಾಗಿ ಬರಬೇಕು, ಸಾಲಿನಲ್ಲಿ ಸಾಗುತ್ತಾ ಜೋಡಣೆಯಾಗಬೇಕು. ಮಿಷಿಗನ್‌ನ ಇಪ್ಸಿಲ್ಯಾಂಟಿ ಪಕ್ಕ ಆಲ್ಬರ್ಟ್ ಕಾನ್ ವಿನ್ಯಾಸದ ಕಟ್ಟಡ ಎದ್ದಿತು. ಜೋಡಣೆಯ ಸಾಲೇ ಸುಮಾರು ಒಂದು ಮೈಲಿ.

ಆದರೆ ವಿಮಾನ ಬರಲಿಲ್ಲ! 1942 ಮುಗಿಯುವಾಗ ಹೊರಬಂದದ್ದು ಕೆಲವೇ ಡಜನ್. ವಿಲೋ ರನ್ ಹೆಸರನ್ನೇ ತಿರುಚಿ 'ವಿಲ್ ಇಟ್ ರನ್' (ಇದು ನಡೆದೀತಾ?) ಅಂತ ಜನ ಆಡಿಕೊಂಡರು. ಕಾರಿನ ಮಾಡೆಲ್ ವರ್ಷಗಟ್ಟಲೆ ಹಾಗೇ ಇರುತ್ತದೆ, ಅದಕ್ಕೆ ಗಟ್ಟಿ ಉಕ್ಕಿನ ಡೈ (ಅಚ್ಚು) ಮಾಡಿಟ್ಟರೆ ನಡೆಯುತ್ತದೆ. ಯುದ್ಧ ವಿಮಾನ ಹಾಗಲ್ಲ. ರಣರಂಗದಿಂದ ದಿನಕ್ಕೊಂದು ದೂರು, ಇಲ್ಲಿ ಗನ್ ಬೇಕು, ಅಲ್ಲಿ ಕವಚ ಬೇಕು, ಪ್ರತಿ ಸಲ ಡೈ ಕೆತ್ತಿದ್ದು ದಂಡ. ಕೊನೆಗೆ ಕಂಡುಕೊಂಡ ದಾರಿ ಏನು ಗೊತ್ತಾ? ಒಂದು ಕಂತಿನ ವಿಮಾನಗಳನ್ನು ಒಂದೇ ಥರ ಮಾಡಿ ಮುಗಿಸುವುದು, ಬದಲಾವಣೆಗಳನ್ನು ಬೇರೆ ಕೇಂದ್ರಗಳಲ್ಲಿ ಆಮೇಲೆ ಮಾಡುವುದು.

ಇನ್ನು ಕೆಲಸಗಾರರು. ಒಂದು ಲಿಬರೇಟರ್‌ಗೆ 3 ಲಕ್ಷಕ್ಕೂ ಜಾಸ್ತಿ ರಿವೆಟ್. ಹೊರಗೊಬ್ಬರು ರಿವೆಟ್ ಗನ್ ಹಿಡಿದು ಹೊಡೆಯಬೇಕು, ಒಳಗೊಬ್ಬರು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಇಬ್ಬರಲ್ಲಿ ಒಬ್ಬರ ಕೈ ಜಾರಿದರೂ ರಿವೆಟ್ ತಲೆ ಸೊಟ್ಟ, ಡ್ರಿಲ್ ಹಾಕಿ ತೆಗೆದು ಮತ್ತೆ ಹೊಡೆಯಬೇಕು. ಆಗಿನ ವಿಮಾನ ಕಾರ್ಖಾನೆಗಳಲ್ಲಿ ಕೆಲವು ಜಾತಿಯ ಅಲ್ಯೂಮಿನಿಯಂ ರಿವೆಟ್‌ಗಳನ್ನು ತಣ್ಣಗೆ ಐಸ್‌ನಲ್ಲೇ ಇಡುತ್ತಿದ್ದರು. ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಗಟ್ಟಿಯಾಗುತ್ತವೆ, ಹಾಗಾಗಿ ತೆಗೆದ ತಕ್ಷಣ ಹೊಡೆಯಬೇಕು. ರೆಕ್ಕೆಯ ಒಳಗಿನ ಇಕ್ಕಟ್ಟಿಗೆ ನುಗ್ಗಲು ಕುಳ್ಳಗಿನವರನ್ನು ಹುಡುಕಿ ಸೇರಿಸಿಕೊಂಡಿದ್ದರು. ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಹೆಂಗಸರು. ಮೊದಲು ಕಾರ್ಖಾನೆಯನ್ನೇ ನೋಡದವರು ಎಷ್ಟೋ ಜನ. ಇಷ್ಟಾದರೂ ಅವರಿಗೆ ಮನೆಯಿಲ್ಲ! ಟೆಂಟು, ಟ್ರೇಲರ್‌ಗಳಲ್ಲಿ ಚಳಿಗಾಲ ಕಳೆದರು. ಕಪ್ಪು ಜನರಿಗೆ, ಅದರಲ್ಲೂ ಕಪ್ಪು ಹೆಂಗಸರಿಗೆ, ಕೆಲಸ ಕೊಡಲು ಹಿಂದೇಟು. ಇವರೇ 1944ರಲ್ಲಿ ಗಂಟೆಗೊಂದು ವಿಮಾನ ಹೊರಡಿಸಿದ್ದು. ಒಟ್ಟು 8,685. 1945ರ ಜೂನ್‌ನಲ್ಲಿ ಲೈನ್ ನಿಂತಿತು.

ಇದೇ ಲಿಬರೇಟರ್‌ಗೂ ನಮ್ಮ ಬೆಂಗಳೂರಿಗೂ ನಂಟಿದೆ, ಅದನ್ನು ಯಾರೂ ಹೇಳುವುದೇ ಇಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಶುರು ಮಾಡಿದ್ದು ವಿಮಾನ ಕಟ್ಟುವುದಕ್ಕೆ. ಆದರೆ ಯುದ್ಧ ಹತ್ತಿರ ಬಂದಂತೆ ಅದು ಅಮೆರಿಕನ್ ವಿಮಾನಗಳ ದೊಡ್ಡ ರಿಪೇರಿ ಶೆಡ್ ಆಯಿತು. ಆಮೇಲೆ ಕಾನ್ಪುರದಲ್ಲಿ ಬ್ರಿಟಿಷರು ಬೇಕಂತಲೇ ಕೆಡಿಸಿ ಬಿಟ್ಟುಹೋದ ಲಿಬರೇಟರ್‌ಗಳು ಸಿಕ್ಕವು. ಅಲ್ಲೇ ಹಾರುವಷ್ಟು ಮಟ್ಟಿಗೆ ಸರಿಮಾಡಿ, ಎಚ್‌ಎಎಲ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿನವರು ಪೂರ್ತಿ ಬಿಚ್ಚಿ ಕಟ್ಟಿದರು. ಸುಮಾರು 40 ವಿಮಾನ! ಒಂದೊಂದರ ಹಾನಿ ಒಂದೊಂದು ಥರ. ಇಲ್ಲಿ ಯಾವ ಜೋಡಣೆ ಸಾಲೂ ಇಲ್ಲ, ಎಲ್ಲ ಫಿಟ್ಟರ್‌ನ ಕಣ್ಣು, ಕೈ. 1968ರವರೆಗೆ ನಮ್ಮ ವಾಯುಪಡೆಯಲ್ಲಿ ಲಿಬರೇಟರ್‌ಗಳು ಹಾರಿದವು.

ಆ ಶೆಡ್‌ಗಳಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯಲ್ಲಿ ಕೇಳಿದ್ದನ್ನು ದಯವಿಟ್ಟು ಕೆಳಗೆ ಬರೆಯಿರಿ. ಫೋಟೋ ಇದ್ದರೆ ಹಾಕಿ.