ಆರ್‌ಎಂಇ ಹೋಂವರ್ಕ್: ಪೋಸ್ಟರ್ ಬಿಡಿ, ಒಂದು ಪ್ರಶ್ನೆ ಕೊಡಿ

ಸ್ಕಾಟ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಿ ಗಣಿತದ ಹೋಂವರ್ಕಿಗೆ ಸಿಗುವ ಗಮನ ಆರ್‌ಎಂಇಗೆ, ಅಂದರೆ ಧರ್ಮ ಮತ್ತು ನೀತಿಯ ಪಾಠಕ್ಕೆ, ಸಿಗುವುದಿಲ್ಲ. ಶಾಲೆಗಳೂ ಅಷ್ಟೇ: "ದೀಪಾವಳಿ ಬಗ್ಗೆ ಪೋಸ್ಟರ್ ಮಾಡಿ ತನ್ನಿ." ಹೊತ್ತೆಲ್ಲ ಚಿತ್ರ ಹುಡುಕಿ ಅಂಟಿಸುವುದಕ್ಕೇ ಹೋಗುತ್ತದೆ. ಮಗು ಏನು ಯೋಚಿಸಿತು ಎಂಬುದು ಟೀಚರಿಗೆ ತಿಳಿಯುವುದೇ ಇಲ್ಲ.

ಈ ವಿಷಯದ ಪಠ್ಯಕ್ರಮದಲ್ಲಿ ಮೂರು ಭಾಗಗಳಿವೆ: ಕ್ರೈಸ್ತ ಧರ್ಮ, ಜಗತ್ತಿನ ಇತರ ಧರ್ಮಗಳು, ಮಗುವಿನ ಸ್ವಂತ ನಂಬಿಕೆ-ಮೌಲ್ಯಗಳ ಬೆಳವಣಿಗೆ. ಮನೆಗೆ ಕಳಿಸಲು ತಕ್ಕದ್ದು ಮೂರನೆಯದು.

ಒಂದು ಉದಾಹರಣೆ. 2021ರ ಮಾರ್ಚ್ 26ರಿಂದ ಸ್ಕಾಟ್ಲೆಂಡಿನಲ್ಲಿ, ಬೇಡವೆಂದು ದಾಖಲಿಸದ 16 ವರ್ಷ ತುಂಬಿದವರು, ಕೆಲವರನ್ನು ಬಿಟ್ಟರೆ, ಅಂಗದಾನಕ್ಕೆ ಒಪ್ಪಿದ್ದಾರೆಂದೇ ಲೆಕ್ಕ. ಇದು ಸರಿಯೇ? 14ರ ಮಗುವಿಗೆ ಇದು ದೂರದ ಮಾತಲ್ಲ. ಅರ್ಧ ಪುಟ, 25 ನಿಮಿಷ ಸಾಕು. ಮೊದಲು ಒಂದೇ ವಾಕ್ಯದಲ್ಲಿ ತನ್ನ ನಿಲುವು. ಆಮೇಲೆ ಎರಡು ಕಾರಣ. ಆಮೇಲೆ ಒಪ್ಪದವರ ಬಲವಾದ ಒಂದು ಕಾರಣ, ಅವರೇ ಓದಿದರೂ "ಹೌದು, ನಾನು ಹೇಳುವುದು ಇದನ್ನೇ" ಅನ್ನುವ ಹಾಗೆ. ಕೊನೆಗೆ, ಬರೆದ ಮೇಲೆ ನಿಲುವು ಕದಲಿತೇ, ಯಾಕೆ.

ಮಕ್ಕಳು ಎಡವುವುದು ಒಪ್ಪದವರ ಕಾರಣವನ್ನು ಬರೆಯುವಲ್ಲಿ. ಎದುರಾಳಿಗೆ ಪೊಳ್ಳು ವಾದ ಕೊಟ್ಟು ಗೆದ್ದುಬಿಡುತ್ತಾರೆ. ಇನ್ನೊಂದು ತಪ್ಪು, "ನಮ್ಮ ಧರ್ಮ ಹೀಗೆ ಹೇಳುತ್ತದೆ" ಎಂದು ಅಲ್ಲೇ ನಿಲ್ಲಿಸುವುದು. ದಾನ ದೊಡ್ಡದು ಎಂದು ಒಪ್ಪುವವರೂ, ದೇಹ ಇಡಿಯಾಗಿಯೇ ಸಂಸ್ಕಾರಕ್ಕೆ ಹೋಗಬೇಕು ಎಂದು ಹಿಂಜರಿಯುವವರೂ ಒಂದೇ ಮನೆಯಲ್ಲಿರಬಹುದು. ಅಂಕ ಕಾರಣಗಳಿಗೆ ಸಲ್ಲಬೇಕು. ನಂಬಿಕೆಗೆ ಅಂಕ ಕೊಡುವುದು ಅನ್ಯಾಯ.

"ನಿಮ್ಮ ದೇವಸ್ಥಾನವನ್ನು ವರ್ಣಿಸಿ" ಎಂಬ ಪ್ರಶ್ನೆ ಬಂದಾಗ ಇನ್ನೂ ಎಚ್ಚರ ಬೇಕು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜಿಸುವ ಮನೆಯ ಮಗು ಆ ಚೌಕಟ್ಟಿಗೆ ತನ್ನನ್ನು ತುರುಕಿಕೊಳ್ಳಬೇಕಿಲ್ಲ. "ಹಿಂದೂಗಳೆಲ್ಲ" ಎಂದು ಶುರುಮಾಡದೆ "ನಮ್ಮ ಮನೆಯಲ್ಲಿ" ಎಂದು ಬರೆಯಲಿ. ಊರಿನ ಅಜ್ಜಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಲಿ: ಏನು ಮಾಡುತ್ತೀರಿ, ಯಾರು ಕಲಿಸಿದರು, ಒಂದು ದಿನ ತಪ್ಪಿದರೆ ಏನನ್ನಿಸುತ್ತದೆ? ಸಾರವೆಲ್ಲ ಸಿಗುವುದು ಕೊನೆಯ ಪ್ರಶ್ನೆಯಲ್ಲಿ. ಪ್ರಸಾದ, ಮಡಿ ಇಂಥ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸದೆ ಹಾಗೇ ಇಟ್ಟು, ಒಂದು ಸಾಲಿನಲ್ಲಿ ವಿವರಿಸಿದರೆ ಸಾಕು.

ಮನೆಯ ನಂಬಿಕೆಯನ್ನು ತರಗತಿಯ ಮುಂದೆ ಹೇಳಲೇಬೇಕೆಂದು ಯಾವ ಮಗುವನ್ನೂ ಒತ್ತಾಯಿಸಬಾರದು. 1980ರ ಶಿಕ್ಷಣ ಕಾಯಿದೆಯಲ್ಲಿ ಈ ಪಾಠದಿಂದ ಮಗುವನ್ನು ಹೊರಗಿಡುವ ಹಕ್ಕು ಪೋಷಕರಿಗಿದೆ, ನಿಜ. ಆದರೆ ಒಂದು ಕೆಟ್ಟ ಹೋಂವರ್ಕಿಗೆ ಅದನ್ನು ಬಳಸಬೇಡಿ. ಟೀಚರಿಗೆ ಎರಡು ಸಾಲು ಬರೆಯಿರಿ: ಪ್ರಶ್ನೆ ಮಗುವಿಗೆ ಎಲ್ಲಿ ಹೊಂದಲಿಲ್ಲ, ಅದರ ಬದಲು ಮಗು ಯಾವುದರ ಬಗ್ಗೆ ಬರೆಯಬಲ್ಲದು.