ಬೀಗ ನಮ್ಮದೇ, ನಂಬಿಕೆ ಮಾತ್ರ ಇಲ್ಲ

ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಓಎಸ್‌ನಲ್ಲಿ ಗೇಮ್ ಆಡುವುದಕ್ಕೆ ಆಗುವುದಿಲ್ಲ ಅಂತ ಈಗಲೂ ಯಾರಾದರೂ ಹೇಳಿದರೆ, ಅವರು 2018ಕ್ಕೂ ಮುಂಚೆ ಮಲಗಿ ಈಗಷ್ಟೇ ಎದ್ದವರು. ಆ ವರ್ಷ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಪ್ರೋಟಾನ್ ಎಂಬುದನ್ನು ಬಿಟ್ಟಿತು. 1993ರಲ್ಲಿ ಶುರುವಾದ ವೈನ್ ಎಂಬ ಹಳೇ ಯೋಜನೆಯೇ ಅದರ ಬೇರು. ವಿಂಡೋಸ್‌ಗೆ ಅಂತಲೇ ಬರೆದ ಗೇಮ್ ಏನು ಕೇಳಿದರೂ ಅದನ್ನು ಲಿನಕ್ಸ್ ಹತ್ತಿರ ಮಾಡಿಸಿ ಕೊಡುವುದು ಅದರ ಕೆಲಸ. 2022ರ ಫೆಬ್ರವರಿಯಲ್ಲಿ ಸ್ಟೀಮ್ ಡೆಕ್ ಬಂತು. ಕೈಯಲ್ಲಿ ಹಿಡಿದು ಆಡುವ ಪೂರಾ ಕಂಪ್ಯೂಟರ್, ಒಳಗಿರುವುದು ಆರ್ಚ್ ಎಂಬ ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಓಎಸ್. ಅದೇ ಹೊತ್ತಿಗೆ ಬಿಡುಗಡೆಯಾದ ಎಲ್ಡನ್ ರಿಂಗ್ ಎಂಬ ಗೇಮ್ ದೊಡ್ಡ ದೊಡ್ಡ ವಿಂಡೋಸ್ ಪಿಸಿಗಳಲ್ಲೇ ತಡವರಿಸುತ್ತಿದ್ದಾಗ, ವಾಲ್ವ್‌ನವರು ತಮ್ಮ ಕಡೆಯಿಂದ ರಿಪೇರಿ ಮಾಡಿ ಡೆಕ್‌ನಲ್ಲಿ ಅದನ್ನು ನುಣುಪಾಗಿ ಓಡಿಸಿದರು.

ಇನ್ನೂ ಮಜಾ ಬೇಕಾ? 2025ರಲ್ಲಿ ಲೆನೊವೊ ಕಂಪನಿಯ ಲೀಜನ್ ಗೋ ಎಸ್ ಎಂಬ, ಡೆಕ್ ಥರದ್ದೇ ಯಂತ್ರ ವಿಂಡೋಸ್ ಜೊತೆಗೂ ಬಂತು, ಸ್ಟೀಮ್‌ಓಎಸ್ ಜೊತೆಗೂ ಬಂತು. ಆರ್ಸ್ ಟೆಕ್ನಿಕಾ ಎಂಬ ಟೆಕ್ ಸುದ್ದಿ ಸೈಟಿನವರು ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿ ಅಳೆದರು. ಹೆಚ್ಚಿನ ಆಟಗಳು ಲಿನಕ್ಸ್‌ನಲ್ಲೇ ಜೋರಾಗಿ ಓಡಿದವು. ವಿಂಡೋಸ್‌ಗಾಗಿ ಬರೆದ ಆಟಗಳು ಸ್ವಾಮೀ, ವಿಂಡೋಸ್ ಇಲ್ಲದಿದ್ದಾಗ ಚೆನ್ನಾಗಿ ಓಡುತ್ತವೆ. ಮೈಕ್ರೋಸಾಫ್ಟ್‌ಗೂ ಇದು ಅರ್ಥವಾಗಿರಬೇಕು, ಏಕೆಂದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ರಾಗ್ ಎಕ್ಸ್‌ಬಾಕ್ಸ್ ಅಲೈ ಎಂಬ ವಿಂಡೋಸ್ ಕೈಯಂತ್ರದಲ್ಲಿ ದೊಡ್ಡದಾಗಿ ಹೇಳಿಕೊಂಡ ಸೌಲಭ್ಯ ಏನು ಗೊತ್ತಾ? ಯಂತ್ರ ಆನ್ ಆದಾಗ ವಿಂಡೋಸ್‌ನ ಡೆಸ್ಕ್‌ಟಾಪ್ ಕಣ್ಣಿಗೆ ಬೀಳದ ಹಾಗೆ ಮಾಡಿರುವುದು.

ಹಾಗಾದರೆ ಎಲ್ಲ ಸರಿಯಾಯಿತಲ್ಲ, ಗಲಾಟೆ ಯಾಕೆ? ಗಲಾಟೆ ಇರುವುದು ಆಂಟಿ-ಚೀಟ್ ಹತ್ತಿರ. ಒಬ್ಬರೇ ಕೂತು ಆಡುವ ಆಟಕ್ಕೆ ತಕರಾರಿಲ್ಲ. ನಾಲ್ಕು ಜನರ ಜೊತೆ ಆನ್‌ಲೈನ್ ಆಡುವ ಆಟಕ್ಕೆ ಹೋದರೆ ಬಾಗಿಲಲ್ಲಿ ಒಬ್ಬ ನಿಂತಿರುತ್ತಾನೆ, ಮೋಸಗಾರರನ್ನು ಹಿಡಿಯುವವನು. ಹಿಡಿಯಲಿ, ಒಳ್ಳೆಯದೇ. ಆದರೆ ಅವನಿಗೆ ಕಂಪ್ಯೂಟರಿನ ಕರ್ನಲ್‌ನಲ್ಲೇ ಜಾಗ ಬೇಕಂತೆ. ಕರ್ನಲ್ ಅಂದರೆ ಇಡೀ ಯಂತ್ರದ ಮೇಲೆ ಅಧಿಕಾರ ಇರುವ ಜಾಗ. ಅಲ್ಲಿ ಕೂತವನು ಎಡವಿದರೆ ಏನಾಗುತ್ತದೆ ಅಂತ 2024ರ ಜುಲೈನಲ್ಲಿ ಜಗತ್ತು ನೋಡಿದೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ಗೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು, ವಿಮಾನಗಳು ನಿಂತವು. ವಿಮಾನ ನಿಲ್ದಾಣಕ್ಕೇ ಅಪಾಯವಾದ ಆ ಜಾಗವನ್ನು ನಾವು ಒಂದು ಶೂಟಿಂಗ್ ಗೇಮ್‌ಗೆ ಬಿಟ್ಟುಕೊಡಬೇಕು. ಲಿನಕ್ಸ್ ಬಿಟ್ಟುಕೊಡುವುದಿಲ್ಲ. ಅದಕ್ಕೇ ಲಿನಕ್ಸ್‌ನವರು ಕಳ್ಳರು.

ಈ ವಾದದ ಮಹಾಗುರು ಅಂದರೆ ಎಪಿಕ್ ಕಂಪನಿಯ ಟಿಮ್ ಸ್ವೀನಿ. ಈಸಿ ಆಂಟಿ-ಚೀಟ್ ಎಂಬ ಪ್ರಸಿದ್ಧ ಕಾವಲು ತಂತ್ರಾಂಶ ಎಪಿಕ್‌ನದ್ದೇ. 2021ರಲ್ಲಿ ಅವರೇ ಅದನ್ನು ಲಿನಕ್ಸ್‌ಗೂ ಪ್ರೋಟಾನ್‌ಗೂ ಹೊಂದಿಸಿದರು, ಬೇಕಾದವರು ಬಳಸಿಕೊಳ್ಳಿ ಅಂದರು. ಎಲ್ಡನ್ ರಿಂಗ್‌ನವರು ಬಳಸಿಕೊಂಡರು, ಡೆಕ್‌ನಲ್ಲಿ ಆನ್‌ಲೈನ್ ಆಡಬಹುದು. ಸರಿ, ಎಪಿಕ್‌ನ ಸ್ವಂತ ಆಟ ಫೋರ್ಟ್‌ನೈಟ್? ಅದು ಡೆಕ್‌ಗೆ ಬರುವುದಿಲ್ಲ. 2022ರಲ್ಲಿ ಸ್ವೀನಿ ಕೊಟ್ಟ ಕಾರಣ ಇದು: ಜನ ತಮಗೆ ಬೇಕಾದ ಹಾಗೆ ಕರ್ನಲ್ ಬದಲಿಸಿಕೊಳ್ಳುತ್ತಾರೆ, ಅಷ್ಟು ದೊಡ್ಡ ಮಟ್ಟದಲ್ಲಿ ಮೋಸ ತಡೆಯುವ ನಂಬಿಕೆ ನಮಗಿಲ್ಲ. ಬೀಗದ ಅಂಗಡಿಯವನು ಊರಿಗೆಲ್ಲ ಬೀಗ ಮಾರಿ, ತನ್ನ ಅಂಗಡಿಗೆ ಮಾತ್ರ ಗೋಡೆ ಕಟ್ಟಿ ಬಾಗಿಲನ್ನೇ ಮುಚ್ಚಿದ ಹಾಗಾಯಿತು.

ಮುಂದೆ ಕಾರಣವೇ ಬದಲಾಯಿತು. ಇನ್ನೊಂದು ಸಂದರ್ಶನದಲ್ಲಿ, ಡೆಕ್ ಕೋಟಿಗಟ್ಟಲೆ ಜನರ ಕೈಗೆ ಹೋದರೆ ಆಗ ನೋಡಬಹುದು, ನಮ್ಮಲ್ಲಿ ಅಷ್ಟು ಪ್ರೋಗ್ರಾಮರ್‌ಗಳಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಓಹೋ, ಸಮಸ್ಯೆ ಕರ್ನಲ್‌ದಲ್ಲ, ತಲೆ ಎಣಿಕೆಯದ್ದು. ಆಯಿತು ಅಂದುಕೊಳ್ಳೋಣ. 2025ರಲ್ಲಿ ಅದೇ ಎಪಿಕ್, ಫೋನುಗಳಲ್ಲಿರುವ ಥರದ ಸ್ನ್ಯಾಪ್‌ಡ್ರಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಫೋರ್ಟ್‌ನೈಟ್ ತರುತ್ತೇವೆ, ಈಸಿ ಆಂಟಿ-ಚೀಟನ್ನೂ ಅದಕ್ಕೆ ಹೊಂದಿಸುತ್ತೇವೆ ಅಂತ ಘೋಷಿಸಿತು. ಆ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವವರನ್ನು ನೀವು ಕಣ್ಣಾರೆ ಕಂಡಿದ್ದೀರಾ? ನಾನಂತೂ ಇಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಫೋನ್‌ನಲ್ಲಿದೆ. ಫೋರ್ಟ್‌ನೈಟ್ ಆಂಡ್ರಾಯ್ಡ್‌ನಲ್ಲಿ ಆಡಬಹುದು. ಆಂಡ್ರಾಯ್ಡ್ ಒಳಗಿರುವ ಕರ್ನಲ್ ಯಾವುದು? ಲಿನಕ್ಸ್! ಅದೂ ಎಷ್ಟು ಧೈರ್ಯ ನೋಡಿ, 2020ರಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರ್‌ನಿಂದ ಅದನ್ನು ತೆಗೆದುಹಾಕಿದಾಗ, ಪರವಾಗಿಲ್ಲ, ನಮ್ಮ ಸೈಟಿನಿಂದ ನೇರವಾಗಿ ಇಳಿಸಿಕೊಳ್ಳಿ ಅಂದಿತ್ತು ಎಪಿಕ್. ಯಾವ್ಯಾವುದೋ ಕಂಪನಿಯ, ವರ್ಷಗಟ್ಟಲೆ ಅಪ್‌ಡೇಟ್ ಕಾಣದ, ರೂಟ್ ಮಾಡಿದ (ಅಂದರೆ ಒಳಗಿನ ಬೀಗ ಮುರಿದ) ಫೋನುಗಳೂ ಓಡಾಡುವ ಲೋಕದಲ್ಲಿ ಆಟ ಬಿಡುವುದಕ್ಕೆ ಹೆದರಿಕೆ ಇಲ್ಲ. ಒಂದೇ ಕಂಪನಿ ಮಾಡಿ, ಒಂದೇ ಓಎಸ್ ಹಾಕಿ ಮಾರುವ ಡೆಕ್ ಕಂಡರೆ ಮಾತ್ರ ನಡುಕ.

ಸ್ವೀನಿ ಒಬ್ಬರನ್ನೇ ಯಾಕೆ ಬೈಯುವುದು. 2024ರ ಸೆಪ್ಟೆಂಬರ್‌ನಲ್ಲಿ ರಾಕ್‌ಸ್ಟಾರ್ ಕಂಪನಿ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಎಂಬ ಕಾವಲು ಹಾಕಿತು. ಅಲ್ಲಿಯವರೆಗೆ ಆರಾಮವಾಗಿ ಡೆಕ್‌ನಲ್ಲಿ ಆಡುತ್ತಿದ್ದವರು ಬೆಳಗಾಗುವುದರೊಳಗೆ ಹೊರಗೆ. ಕಾರಣ ಕೇಳಿದರೆ, ಜಿಟಿಎ ಆನ್‌ಲೈನ್‌ಗೆ ಡೆಕ್‌ನಲ್ಲಿ ಬ್ಯಾಟಲ್‌ಐ ಬೆಂಬಲ ಇಲ್ಲ ಅಂದರು. ಬ್ಯಾಟಲ್‌ಐನವರು 2021ರಲ್ಲೇ, ಡೆಕ್‌ಗೆ ನಾವು ಸಿದ್ಧ, ಗೇಮ್ ಕಂಪನಿಯವರು ಒಂದು ಮಾತು ಹೇಳಿದರೆ ಸಾಕು ಅಂದಿದ್ದರು. ಆ ಒಂದು ಮಾತು ಹೇಳಬೇಕಾದವರು ರಾಕ್‌ಸ್ಟಾರ್‌ನವರೇ.

ಡೆಸ್ಟಿನಿ 2 ಎಂಬ ಆಟದ ಕತೆ ಇನ್ನೊಂದು ಥರ. ಗೇಮ್‌ಗಳನ್ನು ತನ್ನ ಸರ್ವರ್‌ಗಳಲ್ಲೇ ಓಡಿಸಿ ಇಂಟರ್ನೆಟ್ ಮೂಲಕ ಆಡಿಸುತ್ತಿದ್ದ ಗೂಗಲ್‌ನ ಸ್ಟೇಡಿಯಾ ಇದ್ದಾಗ ಆ ಆಟ ಅಲ್ಲಿ ಲಿನಕ್ಸ್ ಸರ್ವರ್‌ಗಳ ಮೇಲೇ ಓಡುತ್ತಿತ್ತು. ಅದೇ ಕಾಲದಲ್ಲಿ ಡೆಕ್ ಕೊಂಡವರಿಗೆ ಬಂಜೀ ಕಂಪನಿ ಹೇಳಿದ್ದು: ಇಲ್ಲಿ ಆಡುವ ಹಾಗಿಲ್ಲ, ಕಳ್ಳದಾರಿ ಹುಡುಕಿದರೆ ಬ್ಯಾನ್ ಮಾಡುತ್ತೇವೆ. ಗೂಗಲ್‌ನ ಮನೆಯಲ್ಲಿದ್ದರೆ ಅದು ತಂತ್ರಜ್ಞಾನ, ನಮ್ಮ ಕೈಯಲ್ಲಿದ್ದರೆ ಅಪರಾಧ. ಇನ್ನು ಏಪೆಕ್ಸ್ ಲೆಜೆಂಡ್ಸ್ ಎಂಬ ಆಟ ವರ್ಷಗಟ್ಟಲೆ ಡೆಕ್‌ನಲ್ಲಿ ಆಡಿಸಿ, 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್ ಮೋಸಗಾರರ ದಾರಿಯಾಗಿದೆ ಅಂತ ಬಾಗಿಲು ಹಾಕಿತು.

ಹಾಗಾದರೆ ಲಿನಕ್ಸ್ ಸುಳಿಯದ ಕಡೆ ರಾಮರಾಜ್ಯ ಇರಬೇಕು, ಅಲ್ವಾ? 2025ರ ಆಗಸ್ಟ್‌ನಲ್ಲಿ ಬ್ಯಾಟಲ್‌ಫೀಲ್ಡ್ 6 ಎಂಬ ಆಟದ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಬಂತು. ಪಿಸಿಯಲ್ಲಿ ವಿಂಡೋಸ್ ಕಡ್ಡಾಯ, ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶ ಮಾತ್ರ ಓಡಲಿ ಎಂಬ ಸೆಕ್ಯೂರ್ ಬೂಟ್ ಕಡ್ಡಾಯ. ಪಾಪ, ಆ ಸೆಟ್ಟಿಂಗ್ ಇರುವ ಬಯಾಸ್ ಅಂದರೇನು ಅಂತ ಗೊತ್ತಿಲ್ಲದವರೂ ಅದರೊಳಗೆ ಕೈ ಹಾಕಿ ಒದ್ದಾಡಿದರು. ಲಿನಕ್ಸ್‌ನವನು ಹೊಸ್ತಿಲೂ ತುಳಿಯುವ ಹಾಗಿರಲಿಲ್ಲ. ಮೊದಲ ಕೆಲವೇ ದಿನಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಮೋಸದ ಪ್ರಯತ್ನ ತಡೆದೆವು ಅಂತ ಕಂಪನಿಯೇ ಹೆಮ್ಮೆಯಿಂದ ಹೇಳಿಕೊಂಡಿತು. ತಡೆದಿದ್ದು ಸಂತೋಷ. ಆದರೆ ಇಷ್ಟು ಪ್ರಯತ್ನಗಳು ಎಲ್ಲಿಂದ ಬಂದವು? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸುವುದು ಅಂದರೆ ಇದೇ, ಸ್ಟೀಮ್‌ನ ಸಮೀಕ್ಷೆಯಲ್ಲಿ ಆ ಕೊತ್ತಿಯ, ಅಂದರೆ ಲಿನಕ್ಸ್‌ನ, ಪಾಲು 2025ರ ಅಕ್ಟೋಬರ್‌ನಲ್ಲಿ ಮೊದಲ ಸಲ ಶೇಕಡಾ 3 ದಾಟಿತು, ಅಷ್ಟೇ.

ನಮ್ಮ ಕಡೆ ಇದಕ್ಕೊಂದು ಒಗ್ಗರಣೆಯೂ ಇದೆ. ಭಾರತದಲ್ಲಿ ವಾಲ್ವ್ ಇವತ್ತಿಗೂ ಅಧಿಕೃತವಾಗಿ ಡೆಕ್ ಮಾರುವುದಿಲ್ಲ. ಹಾಗಾಗಿ ಅಮೆರಿಕದಲ್ಲಿರುವ ಭಾವನ ಸೂಟ್‌ಕೇಸ್‌ನಲ್ಲಿ ಬರಬೇಕು, ಇಲ್ಲ ಹೆಚ್ಚು ದುಡ್ಡು ಕೊಟ್ಟು, ವಾರಂಟಿ ಆಸೆ ಬಿಟ್ಟು, ಹೊರಗಿಂದ ತರಿಸಿದವರ ಹತ್ತಿರ ಕೊಳ್ಳಬೇಕು. ಹೀಗೆ ಕಷ್ಟಪಟ್ಟು ತರಿಸಿಕೊಂಡವನು ಗೆಳೆಯರ ಜೊತೆ ಜಿಟಿಎ ಆಡುವ ಆಸೆಗೆ, ಚೆನ್ನಾಗಿ ಓಡುತ್ತಿದ್ದ ಲಿನಕ್ಸ್ ಅಳಿಸಿ ವಿಂಡೋಸ್ ಹಾಕುತ್ತಾನೆ. ಅಂಗಡಿಗೆ ಹೋಗಿ ಬಿಲ್ ಸಮೇತ ವಿಂಡೋಸ್ ಇರುವ ರಾಗ್ ಅಲೈ ತಂದವನು ಅಪ್‌ಡೇಟ್ ಕಾಟ ತಾಳಲಾರದೆ ಅದನ್ನು ಅಳಿಸಿ ಬಜೈಟ್ ಎಂಬ ಲಿನಕ್ಸ್ ಹಾಕುತ್ತಾನೆ. ಹೇಗೆ ಹಾಕುವುದು ಅಂತ ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.